ಧಕ್ಕೆಗೆ ಒಂದು ಅಡಿಪಟ್ಟಿ ಬರಲಿ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮೀನುಗಾರಿಕೆ ಸಚಿವರಿಗೆ ಮತ್ತು ಕರಾವಳಿಯ ಮೂರೂ ಜಿಲ್ಲೆಗಳ ಬೋಟ್ ಮಾಲಕರಿಗೆ,

ಮಾನ್ಯರೇ,

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಕಳೆದ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ಉಡುಪಿ ಜಿಲ್ಲೆಯ ನಮ್ಮೂರಿನ ಧಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ನಾನು ಮೀನು ಕೊಳ್ಳಲು ನಿಂತಿದ್ದೆ. ಒಂದು ಬೋಟಿನಿಂದ ಇಳಿದ ಬೂತಾಯಿ (ಸಾರ್ಡೀನ್) ಮೀನಿನ ರಾಶಿಯನ್ನು ಇಬ್ಬರು ಹುಡುಗರು ಸಲಿಕೆಯಲ್ಲಿ ಎತ್ತಿ ಟೆಂಪೋಗೆ ಸುರಿಯುತ್ತಿದ್ದರು. ಅದರ ಮೇಲೆ ಐಸು ಹಾಕಿರಲಿಲ್ಲ. ಊಟದ ತಟ್ಟೆಗೆ ಹೋಗುವ ಮೀನಿಗೆ ಐಸು ಬೀಳುತ್ತದೆ, ಮೀನನ್ನು ಹುಡಿ ಮಾಡುವ ಫಿಶ್‌ಮಿಲ್ಲಿಗೆ ಹೋಗುವ ಮೀನಿಗೆ ಬೀಳುವುದಿಲ್ಲ ಎಂಬುದನ್ನು ಧಕ್ಕೆಯ ಪಕ್ಕದಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಒಂದು ಕಿಲೋ ಕೇಳಿದೆ. ಹುಡುಗರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. "ಇದು ನಿಮಗೆ ಬೇಡ ಟೀಚರ್, ಮುಳ್ಳು ಬಿಟ್ಟರೆ ಇದರಲ್ಲಿ ಏನೂ ಇಲ್ಲ" ಎಂದವನು, ನಾನು ಬಿಡದೆ ಕೇಳಿದ್ದಕ್ಕೆ ತೂಗಿ ಕವರಿಗೆ ಹಾಕಿದ, ದುಡ್ಡು ಮುಟ್ಟಲಿಲ್ಲ.

ಮನೆಗೆ ಬಂದು ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ ಒಂದೊಂದನ್ನೇ ಸಾಲಾಗಿ ಮಲಗಿಸಿದೆ. ಒಂದು ಕಿಲೋದಲ್ಲಿ 146 ಮೀನುಗಳಿದ್ದವು. ಮೊಮ್ಮಗನ ಕಂಪಾಸು ಪೆಟ್ಟಿಗೆಯ ಅಡಿಪಟ್ಟಿಯಲ್ಲಿ ಅಳೆದರೆ ಹೆಚ್ಚಿನವು ಎಂಟರಿಂದ ಒಂಬತ್ತೂವರೆ ಸೆಂಟಿಮೀಟರ್ ಇದ್ದವು. ಹತ್ತನ್ನು ದಾಟಿದವು ಬೆರಳೆಣಿಕೆಯಷ್ಟು. ಬೂತಾಯಿ ಮೊದಲ ಸಲ ಮೊಟ್ಟೆಯಿಡಲು ಸಿದ್ಧವಾಗುವುದು ಸುಮಾರು 15 ಸೆಂಟಿಮೀಟರ್ ಬೆಳೆದ ಮೇಲೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ ತುಂಬುವ ಹೊತ್ತಿಗೆ. ನನ್ನ ಜಗಲಿಯಲ್ಲಿ ಮಲಗಿದ್ದ 146ರಲ್ಲಿ ಒಂದೂ ಮೊಟ್ಟೆಯಿಟ್ಟ ಮೀನಲ್ಲ. ಅವೆಲ್ಲ ಆ ಉದ್ದಕ್ಕೆ ಬೆಳೆದಿದ್ದರೆ ಅದೇ ಒಂದು ಕಿಲೋ ನಾಲ್ಕು ಕಿಲೋ ದಾಟುತ್ತಿತ್ತು. ಎಲ್ಲವೂ ಬದುಕುತ್ತಿರಲಿಲ್ಲ, ನಿಜ. ಅರ್ಧಕ್ಕಿಂತ ಹೆಚ್ಚನ್ನು ಅಂಜಲ್, ಕೇದರದಂಥ ದೊಡ್ಡ ಮೀನು, ಡಾಲ್ಫಿನ್, ಕಡಲಹಕ್ಕಿ ತಿನ್ನುತ್ತಿದ್ದವು. ಆದರೆ ಅಂಜಲ್ ತಿಂದ ಬೂತಾಯಿಯೂ ಕಡಲಿನಲ್ಲೇ ಉಳಿಯುತ್ತದೆ, ಮತ್ತೊಂದು ದಿನ ಮತ್ತೊಬ್ಬ ಮೀನುಗಾರನ ಗಾಳಕ್ಕೆ ಅಂಜಲಾಗಿಯೇ ಬರುತ್ತದೆ. ಸಲಿಕೆಯಲ್ಲಿ ಟೆಂಪೋ ಹತ್ತಿದ್ದು ಯಾವ ಲೆಕ್ಕಕ್ಕೂ ಹಿಂದೆ ಬರುವುದಿಲ್ಲ.

ನಾನು ಯಾರೆಂದು ಹೇಳುವುದು ಕ್ರಮ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನ್ನ ತಂದೆ ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಯ ಕೂಟದಲ್ಲಿ ಹಗ್ಗ ಎಳೆಯುತ್ತಿದ್ದರು, ತಾಯಿ ಬುಟ್ಟಿ ಹೊತ್ತು ಊರೂರು ನಡೆದು ಮೀನು ಮಾರಿ ನಮ್ಮನ್ನು ಓದಿಸಿದರು. ಅವರ ಬುಟ್ಟಿಯಲ್ಲಿ ವರ್ಷದ ಹೆಚ್ಚಿನ ದಿನ ಇದ್ದದ್ದು ಬೂತಾಯಿ ಮತ್ತು ಬಂಗುಡೆ. ಕುಂದಾಪುರದವರು ಬೈಗೆ ಎನ್ನುವ, ಕಾರವಾರದ ಕಡೆಯವರು ತಾರ್ಲೆ ಎನ್ನುವ ಈ ಮೀನು ಕರಾವಳಿಯ ಬಡವರ ಮನೆಯ ಸಾರಿಗೆ ಎಷ್ಟು ತಲೆಮಾರುಗಳಿಂದ ರುಚಿ ಕೊಟ್ಟಿದೆಯೆಂದು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಈ ಪತ್ರ ಬರೆಯಲು ಕಾರಣವಾದದ್ದು ಆ ಬೆಳಗಿಗಿಂತ ಹೆಚ್ಚಾಗಿ, ಅದರ ನಂತರ ನಾನು ಕೇಳಿದ ಒಂದು ಉತ್ತರ. ಮೀನುಗಾರರ ಸಭೆಯೊಂದರಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದವರೊಬ್ಬರ ಮುಂದೆ ನನ್ನ 146ರ ಲೆಕ್ಕ ಇಟ್ಟೆ. ಅವರು ಸೌಜನ್ಯದಿಂದಲೇ, "ಸಮುದ್ರವೇ ಬಿಸಿಯಾಗಿದೆ ಟೀಚರ್, ಹವಾಮಾನವೇ ಬದಲಾಗಿದೆ, ನಾವು ಇಲ್ಲಿ ಕುಳಿತು ಏನು ಮಾಡಲಿಕ್ಕೆ ಆಗುತ್ತದೆ?" ಎಂದರು. ಸಭೆಯಲ್ಲಿದ್ದವರೆಲ್ಲ ತಲೆದೂಗಿದರು. ಮತ್ಸ್ಯಕ್ಷಾಮದ ಮಾತು ಬಂದಾಗಲೆಲ್ಲ ಈಗ ಎಲ್ಲ ಕಡೆ ಈ ಒಂದು ವಾಕ್ಯ ಕೇಳಿಸುತ್ತಿದೆ. ಮಾನ್ಯರೇ, ಆ ವಾಕ್ಯದ ಮೊದಲ ಅರ್ಧ ಸತ್ಯ. ಎರಡನೆಯ ಅರ್ಧವನ್ನು ಒಪ್ಪಲಾರೆ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಮೊದಲ ಅರ್ಧವನ್ನು ಪೂರ್ತಿಯಾಗಿ ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಹವಾಮಾನ ವರದಿಯ ಪ್ರಕಾರ 1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ಸರಾಸರಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಜಗತ್ತಿನ ಸಾಗರಗಳ ಸರಾಸರಿಗಿಂತ ಇದು ಹೆಚ್ಚು. ಒಂದು ಡಿಗ್ರಿ ನಮ್ಮ ಮೈಗೆ ಗೊತ್ತಾಗದಿರಬಹುದು, ಬೂತಾಯಿಗೆ ಗೊತ್ತಾಗುತ್ತದೆ. ನೈಋತ್ಯ ಮಾರುತ ಬೀಸುವಾಗ ಕೇರಳ ಮತ್ತು ಕರ್ನಾಟಕದ ತೀರದ ಮೇಲ್ನೀರು ದೂರ ಸರಿದು, ಅದರ ಜಾಗಕ್ಕೆ ಆಳದಿಂದ ತಣ್ಣನೆಯ, ಸತ್ವ ತುಂಬಿದ ನೀರು ಎದ್ದು ಬರುತ್ತದೆ. ಆ ನೀರಿಗೆ ಬಿಸಿಲು ಬಿದ್ದಾಗ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಬೂತಾಯಿಯ ಊಟ ಅದು. ಮರಿಗಳು ಹೊಟ್ಟೆ ತುಂಬಿಸಿಕೊಳ್ಳಲಿ ಎಂಬಂತೆ ಜೂನ್‌ನಿಂದ ಆಗಸ್ಟ್‌ವರೆಗಿನ ಅದೇ ಹೊತ್ತಿಗೆ ತಾಯಿಮೀನು ಮೊಟ್ಟೆಯಿಡುತ್ತದೆ. ಮೇಲಿನ ನೀರು ಅತಿಯಾಗಿ ಕಾದಾಗ ಅದು ಹಗುರವಾಗಿ ಮೇಲೆಯೇ ಮುಚ್ಚಳದಂತೆ ಕುಳಿತುಬಿಡುತ್ತದೆ, ಕೆಳಗಿನ ತಣ್ಣೀರು ಎದ್ದು ಬರುವುದಕ್ಕೆ ತಡೆಯಾಗುತ್ತದೆ. ಮಳೆಯ ಲಯ ತಪ್ಪಿದರೆ ಊಟ ಬರುವ ಹೊತ್ತೂ ಮರಿ ಹುಟ್ಟುವ ಹೊತ್ತೂ ಹೊಂದಿಕೊಳ್ಳುವುದಿಲ್ಲ. ಕಾದ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಅರಬ್ಬೀ ಸಮುದ್ರದ ಆಳದಲ್ಲಂತೂ ಆಮ್ಲಜನಕ ಅತ್ಯಲ್ಪವಾಗಿರುವ ಜಗತ್ತಿನ ಬಹು ದೊಡ್ಡ ಪದರಗಳಲ್ಲೊಂದು ಮೊದಲಿನಿಂದಲೂ ಇದೆ.

ಇದರ ಫಲವನ್ನು ನಮ್ಮ ಪಕ್ಕದ ಕೇರಳದ ಅಂಕಿಗಳು ಹೇಳುತ್ತವೆ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. ಮರು ವರ್ಷದಿಂದಲೇ ಕುಸಿತ ಶುರುವಾಗಿ, ನಡುವೆ 2015ರ ಎಲ್ ನಿನೊ, ಅಂದರೆ ಶಾಂತಸಾಗರ ಕಾದು ನಮ್ಮ ಮಳೆಯ ಲಯವನ್ನೂ ಕೆಡಿಸುವ ಸ್ಥಿತಿ, ಬಂದು ಹೋಗಿ, 2021ರಲ್ಲಿ ಅದು ಕೇವಲ 3,300 ಟನ್ನಿನ ಆಸುಪಾಸಿಗೆ ಇಳಿಯಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೂತಾಯಿಯ ಏರಿಳಿತವನ್ನು ಸಮುದ್ರದ ಬಿಸಿಯೊಂದಿಗೂ ಮಳೆಯೊಂದಿಗೂ ಜೋಡಿಸಿ ಹಲವು ವರ್ಷಗಳಿಂದ ವಿವರಿಸುತ್ತ ಬಂದಿದ್ದಾರೆ. ಹಿಂದೆ ಹೆಚ್ಚಾಗಿ ನಮ್ಮ ತೀರಕ್ಕೇ ಸೀಮಿತವಾಗಿದ್ದ ಬೂತಾಯಿ ಈಗ ಉತ್ತರಕ್ಕೂ ಪೂರ್ವ ಕರಾವಳಿಗೂ ಹರಡಿರುವುದನ್ನು, ಮೇಲ್ನೀರಿನ ಬಂಗುಡೆ ಆಳಕ್ಕೆ ಇಳಿದು, ಬೋಟು ಆಳದಲ್ಲಿ ಎಳೆದೊಯ್ಯುವ ಟ್ರಾಲ್ ಬಲೆಗೆ ಸಿಗುತ್ತಿರುವುದನ್ನು ಗುರುತಿಸಿದವರೂ ಅವರೇ. ಇನ್ನು ತೂಫಾನುಗಳ ಮಾತು: 2017ರ ಒಖಿ, 2019ರ ಕ್ಯಾರ್, 2021ರ ತೌಕ್ತೆ. ಅರಬ್ಬೀ ಸಮುದ್ರ ಶಾಂತವೆಂದು ನಂಬಿ ಬದುಕಿದ ನಮ್ಮ ಹಿರಿಯರು ಇಷ್ಟು ಹೆಸರುಗಳನ್ನು ಇಷ್ಟು ಹತ್ತಿರದಲ್ಲಿ ಕೇಳಿದವರಲ್ಲ. ನಮ್ಮ ಬಲೆಗಳಿಗೆ ಈಗ ರಾಶಿರಾಶಿಯಾಗಿ ಬೀಳುವ ಒಂದು ಕಪ್ಪು ಮೀನನ್ನು ಮೀನುಗಾರರು ಕಾರ್ಗಿಲ್ ಎಂದು ಕರೆಯುತ್ತಾರೆ. ನನ್ನ ತಾಯಿಯ ಬುಟ್ಟಿಯಲ್ಲಿ ಅದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಕಡಲು ಬಿಸಿಯಾಗಿದೆ. ಅದನ್ನು ತಣಿಸುವುದು ಬೆಂಗಳೂರಿನ ವಿಧಾನಸೌಧದಿಂದಾಗಲಿ ನಮ್ಮೂರಿನ ಮೀನುಗಾರರ ಸಂಘದಿಂದಾಗಲಿ ಆಗುವ ಕೆಲಸವಲ್ಲ, ಅದಕ್ಕೆ ಇಡೀ ಜಗತ್ತು ಹೊಗೆ ಕಡಿಮೆ ಮಾಡಬೇಕು. ಆದರೆ ಇಲ್ಲಿಂದ ಮುಂದಿನ ತರ್ಕ ಆ ಸಭೆಯಲ್ಲಿ ಹೋದ ದಿಕ್ಕಿಗೆ ಹೋಗುವುದಿಲ್ಲ. ಮನೆಯಲ್ಲಿ ಒಂದು ಮಗುವಿಗೆ ಜ್ವರ ಬಂದು ಮೈ ಇಳಿದಿದ್ದರೆ, ಹೇಗೂ ಜ್ವರ ನಮ್ಮ ಕೈಯಲ್ಲಿಲ್ಲ ಎಂದು ಅದರ ಗಂಜಿಯನ್ನೂ ಯಾರೂ ನಿಲ್ಲಿಸುವುದಿಲ್ಲ. ಒಳ್ಳೆಯ ವರ್ಷಗಳು ಸಾಲಾಗಿ ಬರುತ್ತಿದ್ದ ಕಾಲದಲ್ಲಿ ಒಂದಿಷ್ಟು ಮರಿ ಹಿಡಿದರೂ ಕಡಲು ತುಂಬಿಕೊಡುತ್ತಿತ್ತು. ಈಗ ಕೆಟ್ಟ ವರ್ಷಗಳು ಹೆಚ್ಚು, ಒಳ್ಳೆಯ ವರ್ಷ ಯಾವಾಗ ಬರುತ್ತದೋ ಹೇಳುವಂತಿಲ್ಲ. ಅಂಥ ಒಳ್ಳೆಯ ವರ್ಷ ಬಂದಾಗ ಮೊಟ್ಟೆಯಿಡಲು ಕಡಲಲ್ಲಿ ತಾಯಿಮೀನು ಉಳಿದಿರಬೇಕು. ಆ ತಾಯಿಮೀನನ್ನೇ ನಾವು ಒಂಬತ್ತು ಸೆಂಟಿಮೀಟರ್ ಇರುವಾಗ ಸಲಿಕೆಯಲ್ಲಿ ಎತ್ತುತ್ತಿದ್ದೇವೆ.

ಒಳ್ಳೆಯ ವರ್ಷ ಬಂದೇ ಬರುತ್ತದೆ ಎಂಬುದಕ್ಕೂ ಕೇರಳವೇ ಸಾಕ್ಷಿ. 2024ರಲ್ಲಿ ಅಲ್ಲಿ ಬೂತಾಯಿ ಮತ್ತೆ ಸುಮಾರು ಒಂದೂವರೆ ಲಕ್ಷ ಟನ್ನಿಗೆ ಏರಿತು. ಬಂದ ಮೀನುಗಳಲ್ಲಿ ಸಣ್ಣವೇ ಹೆಚ್ಚೆಂದು ಕಂಡ ಸಂಶೋಧನಾ ಸಂಸ್ಥೆ, ಮರಿಗಳನ್ನು ಹಿಡಿಯಬೇಡಿ ಎಂದು ಎಚ್ಚರಿಸಿತು. ಕೇರಳ ಸರ್ಕಾರ 2015ರಿಂದಲೇ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಕಾನೂನಿಗೆ ತಂದಿದೆ: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಈ ಅಳತೆಯೂ ಮೊಟ್ಟೆಯಿಡುವ ಪ್ರಾಯಕ್ಕಿಂತ ಸಾಕಷ್ಟು ಕೆಳಗೇ ಇದೆ, ಅಂದರೆ ಮೀನುಗಾರರಿಗೆ ವಿನಾಯಿತಿ ಕೊಟ್ಟೇ ಹಾಕಿದ ಗೆರೆ. ಆ ಗೆರೆಯನ್ನೂ ದಾಟದ ಮರಿಗಳು ಕೇರಳದಲ್ಲಿ ಕಳ್ಳತನದಿಂದ ಹಿಡಿಯಲ್ಪಟ್ಟು ಗಡಿಯಾಚೆಯ ಫಿಶ್‌ಮಿಲ್ಲುಗಳಿಗೆ ಸಾಗುತ್ತಿವೆಯೆಂದು ಅಲ್ಲಿನ ಮೀನುಗಾರರೇ ದೂರುತ್ತಾರೆ. ಗಡಿಯಾಚೆ ಎಂದರೆ ನಾವೂ ಸೇರಿದೆವು. ಈ ಮಾತು ಕೇಳಿ ನನಗೆ ನಾಚಿಕೆಯಾಗಿದೆ.

ಮರಿಮೀನನ್ನು ಕಾಪಾಡುವ ಯೋಚನೆ ಹೊಸದೇನೂ ಅಲ್ಲ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಈ ತೀರದಲ್ಲಿಯೂ ಮಲಬಾರಿನಲ್ಲಿಯೂ ಬೂತಾಯಿಯನ್ನು ಬೇಯಿಸಿ ಎಣ್ಣೆ ತೆಗೆದು ಉಳಿದದ್ದನ್ನು ಗೊಬ್ಬರ ಮಾಡುವ ಕಾರ್ಖಾನೆಗಳಿದ್ದವು. 1940ರ ದಶಕದಲ್ಲಿ ಬೂತಾಯಿ ಕಾಣೆಯಾಗತೊಡಗಿದಾಗ, 1943ರಲ್ಲಿ ಮದ್ರಾಸ್ ಸರ್ಕಾರ ಕೆಲವು ಬಲೆಗಳ ಮೇಲೂ ಮರಿ ಹಿಡಿಯುವುದರ ಮೇಲೂ ನಿರ್ಬಂಧ ಹಾಕಿತು. ಜಾರಿ ಮಾಡಲು ಸಾಧ್ಯವಾಗದೆ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. ಎಂಬತ್ತು ವರ್ಷಗಳ ಹಿಂದೆ ನೂಲಿನ ಬಲೆ, ಹುಟ್ಟುಹಾಕುವ ದೋಣಿ ಇದ್ದಾಗ ಯಾವ ಅಧಿಕಾರಿ ಎಲ್ಲಿ ನಿಂತು ಅಳೆಯಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಕಷ್ಟವಿತ್ತು. ಈಗ ಹಾಗಿಲ್ಲ. ಮೀನು ಇಳಿಯುವ ಬಂದರುಗಳು ಎಣಿಸುವಷ್ಟಿವೆ, ಹರಾಜಿನ ಕಟ್ಟೆಗಳಿವೆ, ತೂಕದ ಯಂತ್ರಗಳಿವೆ. ಫಿಶ್‌ಮಿಲ್ಲುಗಳಂತೂ ಒಬ್ಬರು ಒಂದು ವಾರದಲ್ಲಿ ಎಲ್ಲವನ್ನೂ ಸುತ್ತಿ ಬರುವಷ್ಟೇ ಇವೆ.

ಫಿಶ್‌ಮಿಲ್ಲಿನ ಬಗ್ಗೆ ಒಂದು ಮಾತು ವಿವರವಾಗಿಯೇ ಹೇಳಬೇಕು, ಏಕೆಂದರೆ ಮರಿಮೀನಿಗೆ ಬೆಲೆ ಹುಟ್ಟುವುದು ಅಲ್ಲಿ. ನಾಲ್ಕೈದು ಕಿಲೋ ಹಸಿಮೀನು ಬೆಂದು, ಹಿಂಡಿ, ಒಣಗಿ ಒಂದು ಕಿಲೋ ಹುಡಿಯಾಗುತ್ತದೆ. ಆ ಹುಡಿ ಸಿಗಡಿ ಕೆರೆಗಳಿಗೆ, ಕೋಳಿಫಾರಮುಗಳಿಗೆ ಆಹಾರವಾಗಿ ಹೋಗುತ್ತದೆ. ಕೆಟ್ಟ ಮೀನು, ತಲೆ, ಕರುಳು ಅಲ್ಲಿಗೆ ಹೋದರೆ ಯಾರಿಗೂ ತಕರಾರಿಲ್ಲ, ಊರಿನ ಕಸವಾದರೂ ಕಡಿಮೆಯಾಗುತ್ತದೆ. ಆದರೆ ಒಮ್ಮೆ ಆ ಬಾಗಿಲು ತೆರೆದು ನಿಂತ ಮೇಲೆ ಬಲೆಗೆ ಏನು ಬಿದ್ದರೂ ದುಡ್ಡಾಗುತ್ತದೆ ಎಂಬ ಧೈರ್ಯ ಬೋಟು ನಡೆಸುವ ತಾಂಡೇಲನಿಗೆ ಬರುತ್ತದೆ. ಮೊದಲು ಮರಿಗಳ ಹಿಂಡು ಕಂಡರೆ, ಹಿಡಿದರೂ ಮಾರುವವರಿಲ್ಲ ಎಂದು ಬಲೆ ಬಿಡದೆ ಮುಂದೆ ಹೋಗುತ್ತಿದ್ದರು. ಈಗ ಡೀಸೆಲ್ ಖರ್ಚಾದರೂ ಹುಟ್ಟಲಿ ಎಂದು ಬಲೆ ಬಿಡುತ್ತಾರೆ. ತಾಂಡೇಲನನ್ನು ನಾನು ದೂರುವುದಿಲ್ಲ. ಬೋಟಿನ ಸಾಲ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಕೆಲಸಗಾರರ ಪಗಾರ, ಐಸು, ಎಣ್ಣೆ ಎಲ್ಲವೂ ಅವನ ತಲೆಯ ಮೇಲಿವೆ. ಬಾಗಿಲು ತೆರೆದಿಟ್ಟವರನ್ನು ಕೇಳುತ್ತಿದ್ದೇನೆ.

ಆದ್ದರಿಂದ ನನ್ನ ಮೊದಲ ವಿನಂತಿ ಇದು. ಸಾವಿರಾರು ಬೋಟುಗಳ ಹಿಂದೆ ಗಸ್ತು ದೋಣಿ ಓಡಿಸುವುದಕ್ಕೆ ಮೊದಲು ಫಿಶ್‌ಮಿಲ್ಲುಗಳ ಗೇಟಿನಲ್ಲಿ ನಿಲ್ಲಿ. ಒಳಗೆ ಬರುವ ಪ್ರತಿ ಲೋಡಿನಿಂದ ಒಂದು ಬುಟ್ಟಿ ತೆಗೆದು, ಅಡಿಪಟ್ಟಿಯಲ್ಲಿ ಅಳೆದು, ಎಷ್ಟು ಪಾಲು ಮರಿಯೆಂದು ಪುಸ್ತಕದಲ್ಲಿ ಬರೆಯುವ ನಿಯಮ ಬರಲಿ. ಆ ಪಾಲು ಒಂದು ಮಿತಿ ಮೀರಿದ ಲೋಡನ್ನು ಕೊಂಡ ಕಾರ್ಖಾನೆಗೆ ದಂಡ ಬೀಳಲಿ. ಹರಾಜಿನ ಕಟ್ಟೆಯಲ್ಲಿಯೂ ಇದೇ ಅಳತೆ ನಡೆಯಲಿ. ಪ್ರತಿ ಬಂದರಿನ ಲೆಕ್ಕ ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಧಕ್ಕೆಯ ಗೋಡೆಯ ಮೇಲೆ ಬರಲಿ. ಕಾಗದದ ಮೇಲೆ ನಿಯಮ ಎಷ್ಟೇ ಇರಲಿ, ನನ್ನ ಈ ವಯಸ್ಸಿನವರೆಗೆ ನಾನು ನಮ್ಮ ಧಕ್ಕೆಯಲ್ಲಿ ಮೀನು ತೂಗುವವರನ್ನು ಕಂಡಿದ್ದೇನೆ, ಅಳೆಯುವವರನ್ನು ಒಬ್ಬರನ್ನೂ ಕಂಡಿಲ್ಲ.

ಎರಡನೆಯದು ಬಲೆಯ ಕಣ್ಣು. ಟ್ರಾಲ್ ಬಲೆಯ ತುದಿಯ ಚೀಲವನ್ನು ಸಾಮಾನ್ಯವಾಗಿ ವಜ್ರಾಕಾರದ ಕಣ್ಣಿನಲ್ಲಿ ನೇಯುತ್ತಾರೆ. ದಡದಲ್ಲಿ ಹರಡಿ ನೋಡಿದರೆ ಕಣ್ಣು ದೊಡ್ಡದಾಗಿಯೇ ಕಾಣುತ್ತದೆ; ನೀರಿನಲ್ಲಿ ಎಳೆತ ಬಿದ್ದೊಡನೆ ಅದು ಬಿಗಿದು ಗೆರೆಯಂತಾಗಿ ಬೆರಳೂ ತೂರದಂತೆ ಮುಚ್ಚಿಕೊಳ್ಳುತ್ತದೆ. ಅದೇ ನೂಲಿನ ಬಲೆಯನ್ನು ಚೌಕ ಕಣ್ಣಾಗಿ ಕಟ್ಟಿದರೆ ಎಳೆಯುವಾಗಲೂ ಕಣ್ಣು ತೆರೆದೇ ಇರುತ್ತದೆ, ಸಣ್ಣ ಮೀನು ತಪ್ಪಿಸಿಕೊಳ್ಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ವರ್ಷಗಳಿಂದ ಇದನ್ನೇ ಹೇಳುತ್ತಿದೆ. ಬಲೆ ಬದಲಿಸುವ ಖರ್ಚನ್ನು ಮೀನುಗಾರನ ತಲೆಗೆ ಕಟ್ಟಬೇಡಿ. ಹಳೆಯ ಚೀಲ ತಂದುಕೊಟ್ಟವರಿಗೆ ಚೌಕ ಕಣ್ಣಿನ ಹೊಸ ಚೀಲ ಉಚಿತವಾಗಿ ಕೊಡಿ, ಮರು ವರ್ಷದಿಂದ ಕರರಹಿತ ಡೀಸೆಲಿನ ಪಾಸು ಆ ಬಲೆ ಇದ್ದ ಬೋಟಿಗೆ ಮಾತ್ರ ಎಂದು ಮಾಡಿ. ಸರ್ಕಾರದ ದುಡ್ಡಿನಲ್ಲಿ ಓಡುವ ಎಣ್ಣೆಗೆ ಇಷ್ಟು ಷರತ್ತು ಹಾಕುವುದು ಅನ್ಯಾಯವಲ್ಲ.

ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿಯೇ ನಿಷೇಧಿಸಿದೆ. ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗಿಗೂ ಅವಕಾಶವಿಲ್ಲ. ಹಾಗಿದ್ದರೂ ರಾತ್ರಿ ನಮ್ಮ ದಡದಲ್ಲಿ ನಿಂತರೆ ದಿಗಂತದಲ್ಲಿ ಕಾಣುವ ಬೆಳಕಿನ ಸಾಲು ಯಾವುದೆಂದು ನಾಡದೋಣಿಯವರು ಪ್ರತಿ ವರ್ಷ ಕೇಳುತ್ತಿದ್ದಾರೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇರುವ ಆಜ್ಞೆಯನ್ನು ಪಾಲಿಸಿ ಎನ್ನುವುದಕ್ಕೆ ಪತ್ರದ ಅಗತ್ಯ ಇರಬಾರದಿತ್ತು.

ಮರಿಗಳು ಬೆಳೆಯುವ ಅಳಿವೆಗಳನ್ನೂ ಇದರೊಂದಿಗೇ ನೋಡಬೇಕು. ಕುಮಟೆಯ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸಾರ್ ಮನ್ನಣೆ ಸಿಕ್ಕಿದ್ದು ಸಂತೋಷದ ಸಂಗತಿ. ಆ ಮನ್ನಣೆಯ ಫಲಕ ನಿಲ್ಲಿಸಿ ಪಕ್ಕದಲ್ಲೇ ಉಪ್ಪುನೀರಿನ ಕಾಂಡ್ಲಾ ಗಿಡಗಳನ್ನು ಕಡಿಯುವುದಕ್ಕೂ ಮರಳೆತ್ತುವುದಕ್ಕೂ ಅವಕಾಶ ಕೊಟ್ಟರೆ ಕಡಲಿಗೆ ಹೋಗಬೇಕಾದ ಸಿಗಡಿ, ಕಾಣೆ, ಏಡಿಗಳ ಮರಿ ಹುಟ್ಟಿದಲ್ಲೇ ಮುಗಿಯುತ್ತವೆ.

ಈಗ ಬೋಟ್ ಮಾಲಕರಲ್ಲಿ ಎರಡು ಮಾತು. ನಿಮ್ಮಲ್ಲಿ ಅನೇಕರು ನನ್ನ ವಿದ್ಯಾರ್ಥಿಗಳು, ಇನ್ನು ಕೆಲವರು ನನ್ನ ತಂದೆಯೊಂದಿಗೆ ರಂಪಣಿ ಎಳೆದವರ ಮಕ್ಕಳು. "ನಾವು ಬಿಟ್ಟರೆ ಕೇರಳದವರು, ಗೋವಾದವರು ಹಿಡಿಯುತ್ತಾರೆ" ಎಂದು ನೀವು ಹೇಳುವಿರೆಂದು ಬಲ್ಲೆ. ಆ ಮಾತಿನಲ್ಲಿ ನ್ಯಾಯವಿದೆ, ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮೂರು ರಾಜ್ಯಗಳು ಒಂದೇ ಅಳತೆಗೆ ಒಪ್ಪಿ, ಒಂದೇ ದಿನದಿಂದ ಜಾರಿಗೆ ತರಬೇಕು. ಅದನ್ನು ಮಾಡಿಸುವ ಹೊಣೆ ಸಚಿವರದು. ಕರ್ನಾಟಕ, ಗೋವಾಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನದ ರಜೆಯೂ ಕೇರಳದಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಟ್ರಾಲಿಂಗ್ ರಜೆಯೂ ನಡೆಯುವುದಾದರೆ, ಒಂದು ಅಳತೆಗೋಲಿಗೆ ಒಪ್ಪುವುದು ಅಸಾಧ್ಯವಲ್ಲ. ಆದರೆ 61 ದಿನ ಬಿಟ್ಟು ಕೊಟ್ಟು, ತಾಯಿಮೀನು ಮೊಟ್ಟೆಯಿಡಲಿ ಎಂದು ಬೋಟು ಕಟ್ಟಿ ಕುಳಿತು, ಆ ಮೊಟ್ಟೆಯಿಂದ ಬಂದ ಮರಿಗಳನ್ನು ಸೆಪ್ಟೆಂಬರಿನಲ್ಲಿ ಬಾಚಿ ಹುಡಿ ಮಾಡಲು ಕಳಿಸುವುದಾದರೆ, ಎರಡು ತಿಂಗಳು ನಿಮ್ಮ ಮನೆಯವರು ಯಾತಕ್ಕಾಗಿ ಕಷ್ಟಪಟ್ಟರು? ನೂಲ ಹುಣ್ಣಿಮೆಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಕೈಮುಗಿದು ಕೇಳಿಕೊಂಡದ್ದು ಈ ಮರಿಗಳನ್ನೇ ಅಲ್ಲವೇ?

ರಂಪಣಿ ಹೇಗೆ ಹೋಯಿತೆಂದು ನಿಮ್ಮ ತಂದೆಯವರನ್ನು ಕೇಳಿ. 1970ರ ದಶಕದ ನಡುವಿನಲ್ಲಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ದಡದಿಂದ ನೂರಾರು ಜನ ಸೇರಿ ಎಳೆಯುತ್ತಿದ್ದ ಬಲೆಗೆ ಮೀನು ದಡಕ್ಕೆ ಬರುವುದನ್ನು ಕಾಯಬೇಕಿತ್ತು, ಪರ್ಸೀನ್ ಮೀನಿದ್ದಲ್ಲಿಗೇ ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ರಂಪಣಿಯ ಕೂಟಗಳು ಚದುರಿದವು. ನನ್ನ ತಂದೆ ತಮ್ಮ ಪಾಲಿನ ಹಗ್ಗವನ್ನು ಮಾರದೆ ಅಟ್ಟದ ಮೇಲೆ ಸುತ್ತಿಟ್ಟಿದ್ದರು. ಅವರು ಹೋದ ಮೇಲೂ ಅದು ಅಲ್ಲೇ ಇದೆ. ಆ ಬದಲಾವಣೆ ತಪ್ಪೆಂದು ನಾನು ಹೇಳುತ್ತಿಲ್ಲ. ಅಂದು ಮೀನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ಅಷ್ಟೇ. ಈಗ ಹೋಗುತ್ತಿರುವುದು ಯಾರ ಕೈಗೂ ಅಲ್ಲ.

ಬೇಡವೆಂದು ಮರಿಗಳ ಹಿಂಡನ್ನು ಬಿಟ್ಟು ಬಂದ ಬೋಟಿಗೆ ಆ ದಿನ ನಷ್ಟವಾಗುತ್ತದೆ ಎಂಬುದನ್ನು ನಾನು ಮರೆತಿಲ್ಲ. ಅದನ್ನು ತುಂಬಿಕೊಡುವ ದಾರಿಯನ್ನು ಸರ್ಕಾರ ಕಾಣಬೇಕು. ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದವರು ಯಾವ ವಾರ, ಯಾವ ಆಳದಲ್ಲಿ ಮರಿಗಳು ಹೆಚ್ಚಿವೆಯೆಂದು ಹೇಳಿದರೆ, ಆ ಜಾಗವನ್ನು ಹತ್ತು ಹದಿನೈದು ದಿನ ಮುಚ್ಚಿ, ಆ ದಿನಗಳಿಗೆ ಕೆಲಸಗಾರರಿಗೂ ಮೀನು ಮಾರುವ ಹೆಂಗಸರಿಗೂ ಪರಿಹಾರ ಕೊಡಬಹುದು. ಹೆಂಗಸರನ್ನು ಸೇರಿಸಿ ಎಂದು ಒತ್ತಿ ಹೇಳುತ್ತೇನೆ. ಪರಿಹಾರದ ಪಟ್ಟಿ ಬರೆಯುವಾಗ ಬೋಟು ಇದ್ದವರ ಹೆಸರು ಮೊದಲು ಬರುತ್ತದೆ, ಬುಟ್ಟಿ ಇದ್ದವರದು ಬರುವುದೇ ಇಲ್ಲ. ಒಳ್ಳೆಯ ಬೂತಾಯಿ ಕಡಿಮೆಯಾದ ದಿನ ಮೊದಲು ಬರಿಗೈಯಲ್ಲಿ ಮನೆಗೆ ಹೋಗುವವರು ಅವರು.

ಮುಂದಿನ ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಸೆಪ್ಟೆಂಬರ್ ಮೊದಲ ವಾರ ನಾನು ಪ್ರತಿ ದಿನ ಬೆಳಿಗ್ಗೆ ಐದೂವರೆಗೆ ನಮ್ಮ ಧಕ್ಕೆಯಲ್ಲಿ ಇರುತ್ತೇನೆ. ಚೀಲದಲ್ಲಿ ಅಡಿಪಟ್ಟಿ, ಒಂದು ನೋಟುಪುಸ್ತಕ ಇರುತ್ತದೆ. ಸಚಿವರು ಒಂದು ದಿನ ಬಿಡುವು ಮಾಡಿಕೊಂಡು, ಮುಂಚಿತವಾಗಿ ಯಾರಿಗೂ ತಿಳಿಸದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ಬೋಟು ಖಾಲಿಯಾಗುವುದು ಆರು ಗಂಟೆಯ ಒಳಗೆ. ಟೆಂಪೋಗಳು ಐಸ್ ಪ್ಲಾಂಟಿನ ಹಿಂಭಾಗದಲ್ಲಿ ನಿಲ್ಲುತ್ತವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ಉಡುಪಿ ಜಿಲ್ಲೆ